ಆಟ ಮುಗಿದರೂ ಅಳಿಯದ ಸ್ಕೋರುಪಟ್ಟಿ

ಟಿವಿ ಪರದೆಯ ಒಂದೇ ಜಾಗದಲ್ಲಿ ಒಂದೇ ಆಕೃತಿ ಗಂಟೆಗಟ್ಟಲೆ ನಿಂತರೆ, ಚಿತ್ರ ಬದಲಾದ ಮೇಲೂ ಅದರ ಮಸುಕು ಛಾಯೆ ಅಲ್ಲೇ ಕಾಣಿಸುವುದುಂಟು. ಈ ಛಾಯೆಯಲ್ಲಿ ಎರಡು ಬಗೆ. ಕೆಲವು ನಿಮಿಷಗಳಲ್ಲೋ ಗಂಟೆಗಳಲ್ಲೋ ತಾನಾಗಿ ಮಾಯವಾಗುವುದು ಒಂದು. ಅದು ಇಮೇಜ್ ರಿಟೆನ್ಶನ್. ಎಷ್ಟು ಕಾದರೂ ಹೋಗದೆ ಪರದೆ ಇರುವಷ್ಟು ಕಾಲ ಉಳಿಯುವುದು ಇನ್ನೊಂದು, ಅದು ಬರ್ನ್-ಇನ್. ಮೊದಲ ನೋಟಕ್ಕೆ ಎರಡೂ ಒಂದೇ ತರಹ ಕಾಣುತ್ತವೆ. ಆದರೆ ಒಳಗೆ ನಡೆಯುವುದು ಬೇರೆ ಬೇರೆ, ಹಾಗಾಗಿ ಮಾಡಬೇಕಾದ್ದೂ ಬೇರೆ. ಗೇಮ್ ಆಡುವ ಟಿವಿಗಳಿಗೆ ಈ ತೊಂದರೆ ಹೆಚ್ಚು. ಸಿನಿಮಾದಲ್ಲಿ ಒಂದು ದೃಶ್ಯ ಕೆಲವು ಸೆಕೆಂಡು ನಿಂತರೆ ಹೆಚ್ಚು. ಗೇಮ್‌ನಲ್ಲಿ ಮಾತ್ರ ಮೂಲೆಯ ಮಿನಿಮ್ಯಾಪ್, ಕೆಳಗಿನ ಹೆಲ್ತ್ ಬಾರ್, ಉಳಿದ ಗುಂಡುಗಳ ಲೆಕ್ಕ, ಮೇಲಿನ ಸ್ಕೋರು ಇವೆಲ್ಲ ಆಟ ಶುರುವಾದಾಗ ಎಲ್ಲಿರುತ್ತವೋ ಮುಗಿಯುವವರೆಗೂ ಅಲ್ಲೇ ಇರುತ್ತವೆ. ನಾಳೆ ಮತ್ತೆ ಆಡಲು ಕೂತಾಗಲೂ ಅದೇ ಜಾಗ.

ಬರ್ನ್-ಇನ್ ಆದ ಪರದೆಯ ಮೇಲೆ ಹೊಸದಾಗಿ ಏನೂ ಅಚ್ಚಾಗಿರುವುದಿಲ್ಲ. ಹಳೆಯ ದೇವಸ್ಥಾನದ ಕಲ್ಲಿನ ಮೆಟ್ಟಿಲು ಜನ ಕಾಲಿಡುವ ನಡುಭಾಗದಲ್ಲಷ್ಟೇ ತಗ್ಗಾಗುವಂತೆ, ಹೆಚ್ಚು ದುಡಿದ ಪಿಕ್ಸೆಲ್‌ಗಳು ಸುತ್ತಲಿನವುಗಳಿಗಿಂತ ಬೇಗ ಸವೆದಿರುತ್ತವೆ, ಅಷ್ಟೇ. ಸವೆದ ಪಿಕ್ಸೆಲ್ ಅದೇ ಕರೆಂಟಿಗೆ ಕಡಿಮೆ ಬೆಳಕು ಕೊಡುತ್ತದೆ. ಇಡೀ ಪರದೆ ಒಂದೇ ಸಮನಾಗಿ ಶೇ. 10ರಷ್ಟು ಮಂಕಾದರೂ ನೋಡುವವರಿಗೆ ಗೊತ್ತಾಗುವುದಿಲ್ಲ. ಅಕ್ಕಪಕ್ಕದ ಎರಡು ಭಾಗಗಳ ನಡುವೆ ಚೂಪಾದ ಅಂಚಿದ್ದರೆ ಮಾತ್ರ ಶೇ. 1–2ರಷ್ಟು ವ್ಯತ್ಯಾಸವನ್ನೂ ಮನುಷ್ಯರ ಕಣ್ಣು ಹಿಡಿದುಬಿಡುತ್ತದೆ. ಕಂಪನಿಗಳ ಜಾಹೀರಾತಿನಲ್ಲಿ ಬರುವ ‘ಇಷ್ಟು ಸಾವಿರ ಗಂಟೆಗಳ ಆಯುಷ್ಯ’ ಎಂಬ ಲೆಕ್ಕ ಗೇಮ್ ಆಡುವವರಿಗೆ ಹೆಚ್ಚು ಉಪಯೋಗಕ್ಕೆ ಬಾರದಿರುವುದು ಇದೇ ಕಾರಣಕ್ಕೆ. ಆ ಸಂಖ್ಯೆ ಸಾಮಾನ್ಯವಾಗಿ ಪರದೆಯ ಬೆಳಕು ಅರ್ಧಕ್ಕಿಳಿಯಲು ಬೇಕಾದ ಸಮಯ. ಗೇಮ್‌ನ ಗುರುತು ಕಾಣಿಸಲು ಅರ್ಧಕ್ಕಿಳಿಯಬೇಕಿಲ್ಲ. ಒಂದು ಜಾಗ ನೂರರಲ್ಲಿ ಎರಡು ಪಾಲು ಹಿಂದೆ ಬಿದ್ದರೆ ಸಾಕು.

ಸವೆತ ಎಂದು ತಿಳಿದ ಮೇಲೆ ಬಹಳ ಜನ ನಂಬಿರುವ ಒಂದು ಮಾತು ತಪ್ಪೆಂದು ಗೊತ್ತಾಗುತ್ತದೆ. ನಡುನಡುವೆ ಬಿಡುವು ಕೊಟ್ಟು ಆಡಿದರೆ ಪರದೆಗೆ ಏನೂ ಆಗದು ಎಂಬುದು ಆ ನಂಬಿಕೆ. ತಾತ್ಕಾಲಿಕ ಛಾಯೆಯ ಮಟ್ಟಿಗೆ ಅದು ನಿಜ. ಶಾಶ್ವತ ಗುರುತಿನ ವಿಷಯದಲ್ಲಿ ಗಂಟೆಗಳು ಕೂಡುತ್ತಲೇ ಹೋಗುತ್ತವೆ. ಒಂದೇ ಗೇಮನ್ನು ದಿನಕ್ಕೆ ಮೂರು ಗಂಟೆಯಂತೆ ವರ್ಷವಿಡೀ ಆಡಿದರೆ ಅದರ ಮಿನಿಮ್ಯಾಪ್ ಒಂದೇ ಜಾಗದಲ್ಲಿ ಸುಮಾರು 1,100 ಗಂಟೆ ಬೆಳಗಿರುತ್ತದೆ. ನಡುವೆ ಎಷ್ಟು ರಾತ್ರಿ ಟಿವಿ ಆರಿತ್ತು ಎಂಬುದು ಆ ಲೆಕ್ಕದಿಂದ ಏನನ್ನೂ ಕಳೆಯುವುದಿಲ್ಲ. ಒಟ್ಟು ಗಂಟೆ, ಆ ಆಕೃತಿಯ ಪ್ರಖರತೆ, ಪರದೆಯ ಬಿಸಿ ಈ ಮೂರೇ ಸವೆತವನ್ನು ನಿರ್ಧರಿಸುತ್ತವೆ.

ಈ ಸಮಸ್ಯೆ ಚಪ್ಪಟೆ ಟಿವಿಗಳಿಗಿಂತ ಹಳೆಯದು. ಪಿಕ್ಚರ್ ಟ್ಯೂಬಿನ ಕಾಲದಲ್ಲಿ ಎಲೆಕ್ಟ್ರಾನ್ ಕಿರಣದ ಪೆಟ್ಟಿಗೆ ಗಾಜಿನ ಒಳಮೈಯ ಫಾಸ್ಫರ್ ಲೇಪ ಸವೆಯುತ್ತಿತ್ತು. 1980ರಲ್ಲಿ ಬಂದ ಪ್ಯಾಕ್‌-ಮ್ಯಾನ್‌ನಂಥ ಆಟಗಳ ಯಂತ್ರಗಳಲ್ಲಿ, ಕರೆಂಟು ತೆಗೆದ ಮೇಲೂ ಆ ಆಟದ ಚಕ್ರವ್ಯೂಹದ ಗೆರೆಗಳು ಗಾಜಿನ ಮೇಲೆ ಕಾಣುತ್ತಿದ್ದವು. 1977ರ ಅಟಾರಿ 2600ರ ಅನೇಕ ಗೇಮ್‌ಗಳು ಯಾರೂ ಆಡದೆ ಕೆಲವು ನಿಮಿಷ ಕಳೆದರೆ ತಾವಾಗಿಯೇ ಬಣ್ಣ ಬದಲಿಸುತ್ತ ಹೋಗುತ್ತಿದ್ದುದು ಟಿವಿಯನ್ನು ಕಾಪಾಡಲೆಂದೇ. ನಿಂಟೆಂಡೊ ಕಂಪನಿ ತನ್ನ ಎನ್‌ಇಎಸ್ ಯಂತ್ರದ ಕೈಪಿಡಿಗಳಲ್ಲಿ ಪ್ರೊಜೆಕ್ಷನ್ ಟಿವಿಗೆ ಅದನ್ನು ಜೋಡಿಸಬಾರದು, ನಿಂತ ಚಿತ್ರಗಳಿಂದ ಪರದೆ ಶಾಶ್ವತವಾಗಿ ಹಾಳಾಗಬಹುದು ಎಂದು ಎಚ್ಚರಿಸಿತ್ತು. ಕಂಪ್ಯೂಟರ್‌ಗಳ ಸ್ಕ್ರೀನ್‌ಸೇವರ್ ಹುಟ್ಟಿದ್ದೂ ಇದೇ ಭಯದಿಂದ. ಐಬಿಎಂ ಪಿಸಿಗಾಗಿ ಜಾನ್ ಸೋಚಾ ಬರೆದ, ಮೂರು ನಿಮಿಷ ಯಾರೂ ಕೀಲಿ ಒತ್ತದಿದ್ದರೆ ಪರದೆಯನ್ನು ಕಪ್ಪು ಮಾಡುವ ಪುಟ್ಟ ಪ್ರೋಗ್ರಾಮ್ 1983ರ ಡಿಸೆಂಬರ್‌ನಲ್ಲಿ ಸಾಫ್ಟಾಕ್ ಪತ್ರಿಕೆಯಲ್ಲಿ ಅಚ್ಚಾಯಿತು.

ಚಪ್ಪಟೆ ಟಿವಿಗಳಲ್ಲಿ ಮೊದಲು ಕೆಟ್ಟ ಹೆಸರು ಪಡೆದದ್ದು ಪ್ಲಾಸ್ಮಾ. ಅದರ ಮೂಲ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿದೆ. ಅಲ್ಲಿ 1964ರಲ್ಲಿ ಡೊನಾಲ್ಡ್ ಬಿಟ್ಜರ್, ಜೀನ್ ಸ್ಲಾಟೊ ಮತ್ತು ವಿದ್ಯಾರ್ಥಿಯಾಗಿದ್ದ ರಾಬರ್ಟ್ ವಿಲ್ಸನ್ ಸೇರಿ ಪ್ಲೇಟೊ ಎಂಬ ಶಿಕ್ಷಣ ಕಂಪ್ಯೂಟರ್ ವ್ಯವಸ್ಥೆಗಾಗಿ ಇದನ್ನು ರೂಪಿಸಿದರು. ಮನೆಗಳಿಗೆ ಬಂದ ಬಣ್ಣದ ಪ್ಲಾಸ್ಮಾ ಟಿವಿಯ ಪ್ರತಿ ಕೋಶದಲ್ಲೂ ನಿಯಾನ್ ಮತ್ತು ಕ್ಸೆನಾನ್ ಅನಿಲಗಳ ಮಿಶ್ರಣವಿರುತ್ತದೆ. ವಿದ್ಯುತ್ ಹಾಯ್ದಾಗ ಕ್ಸೆನಾನ್‌ನಿಂದ 147 ನ್ಯಾನೊಮೀಟರ್ ತರಂಗಾಂತರದ ಅತಿನೇರಳೆ ಕಿರಣ ಹೊಮ್ಮುತ್ತದೆ. ಅದು ಕೋಶದ ಗೋಡೆಯ ಕೆಂಪು, ಹಸಿರು, ನೀಲಿ ಫಾಸ್ಫರ್‌ಗಳಿಗೆ ತಾಗಿ ಕಣ್ಣಿಗೆ ಕಾಣುವ ಬೆಳಕಾಗುತ್ತದೆ. ಇಷ್ಟು ತೀಕ್ಷ್ಣವಾದ ಕಿರಣದ ಎದುರು ಯಾವ ಫಾಸ್ಫರ್ ಆದರೂ ಸವೆಯಲೇಬೇಕು. ಮೂರರಲ್ಲಿ ನೀಲಿ ಎಲ್ಲಕ್ಕಿಂತ ಬೇಗ ಸೋಲುತ್ತದೆ.

ಪ್ಲಾಸ್ಮಾದಲ್ಲಿ ತಾತ್ಕಾಲಿಕ ಛಾಯೆಯೂ ಧಾರಾಳ. ಹೆಚ್ಚು ಹೊತ್ತು ಬೆಳಗಿದ ಕೋಶದ ಬಿಸಿ, ಅದರ ಗೋಡೆಯ ಮೇಲೆ ಉಳಿದ ವಿದ್ಯುದಂಶ, ಮೆಗ್ನೀಸಿಯಂ ಆಕ್ಸೈಡ್‌ನ ರಕ್ಷಾಪದರದ ಮೇಲ್ಮೈಯಲ್ಲಾದ ಬದಲಾವಣೆ ಇವು ಸ್ವಲ್ಪ ಕಾಲ ಆ ಕೋಶವನ್ನು ಪಕ್ಕದವುಗಳಿಗಿಂತ ಭಿನ್ನವಾಗಿ ಉರಿಸುತ್ತವೆ. ಚಲಿಸುವ ಚಿತ್ರಗಳು ಒಂದೆರಡು ಗಂಟೆ ಓಡಿದರೆ ಸಾಮಾನ್ಯವಾಗಿ ಎಲ್ಲವೂ ಸರಿಹೋಗುತ್ತದೆ. ಫಾಸ್ಫರ್ ಹೊಸದಾಗಿದ್ದಾಗ ಸವೆತದ ವೇಗ ಹೆಚ್ಚು, ಆಮೇಲೆ ನಿಧಾನ. ಹಾಗಾಗಿ ಮೊದಲ ಕೆಲವು ನೂರು ಗಂಟೆ ನಿಂತ ಚಿತ್ರಗಳನ್ನು ತಪ್ಪಿಸಿರೆಂದು ತಿಳಿದವರು ಹೇಳುತ್ತಿದ್ದರು. ಆ ಮಾತಿಗೆ ಒಳ್ಳೆಯ ಆಧಾರವಿತ್ತು. ಹಳೆಯ 4:3 ಅಳತೆಯ ಗೇಮ್‌ಗಳನ್ನು ಅಗಲ ಪರದೆಯಲ್ಲಿ ಆಡಿದಾಗ ಎರಡೂ ಬದಿಗೆ ಬರುವ ಕಪ್ಪು ಪಟ್ಟಿಗಳೂ ಅಪಾಯವೇ, ಏಕೆಂದರೆ ನಡುಭಾಗ ದುಡಿಯುತ್ತಿರುವಾಗ ಬದಿಗಳು ಸುಮ್ಮನಿದ್ದು ಹೊಸದಾಗಿಯೇ ಉಳಿಯುತ್ತವೆ. ಇದಕ್ಕೆಂದೇ ಕೆಲವು ಪ್ಲಾಸ್ಮಾ ಟಿವಿಗಳಲ್ಲಿ ಪಟ್ಟಿಗಳನ್ನು ಬೂದುಬಣ್ಣಕ್ಕೆ ತಿರುಗಿಸುವ ಸೌಕರ್ಯವಿತ್ತು. 2006ರಲ್ಲಿ ಬಂದ ನಿಂಟೆಂಡೊ ವೀ ಯಂತ್ರದ ಸೆಟ್ಟಿಂಗ್ಸ್‌ನಲ್ಲೂ ಬರ್ನ್-ಇನ್ ತಗ್ಗಿಸುವ ಆಯ್ಕೆ ಇತ್ತು. ಪ್ಯಾನಾಸೋನಿಕ್ 2013ರ ಕೊನೆಗೆ ಪ್ಲಾಸ್ಮಾ ತಯಾರಿಕೆ ನಿಲ್ಲಿಸಿತು, ಮರುವರ್ಷ ಸ್ಯಾಮ್‌ಸಂಗ್ ಮತ್ತು ಎಲ್‌ಜಿ ಕೂಡ ಕೈಬಿಟ್ಟವು.

ಇಂದು ಬಹುಪಾಲು ಮನೆಗಳಲ್ಲಿರುವುದು ಎಲ್‌ಸಿಡಿ. ಅಂಗಡಿಯಲ್ಲಿ ಎಲ್‌ಇಡಿ ಟಿವಿ, ಕ್ಯೂಎಲ್‌ಇಡಿ, ಮಿನಿ-ಎಲ್‌ಇಡಿ ಎಂದು ಬೇರೆ ಬೇರೆ ಹೆಸರಿನಲ್ಲಿ ಮಾರಾಟವಾದರೂ ಒಳಗಿನ ತತ್ವ ಒಂದೇ. ಬೆಳಕು ಹಿಂದಿನ ದೀಪಗಳಿಂದ ಬರುತ್ತದೆ. ಪಿಕ್ಸೆಲ್ ಅದನ್ನು ತಡೆಯುತ್ತದೆ ಅಥವಾ ಬಿಡುತ್ತದೆ. ಪಿಕ್ಸೆಲ್ ತಾನೇ ಬೆಳಗದ ಕಾರಣ ಅದು ಪ್ಲಾಸ್ಮಾದ ಕೋಶದಂತೆ ಸವೆಯುವುದಿಲ್ಲ. ಆದರೂ ಎಲ್‌ಸಿಡಿಯಲ್ಲಿ ಛಾಯೆ ಉಳಿಯುವುದುಂಟು. ಲಿಕ್ವಿಡ್ ಕ್ರಿಸ್ಟಲ್ ಪದರದಲ್ಲಿ ಎಷ್ಟೇ ಶುದ್ಧಗೊಳಿಸಿದರೂ ಒಂದಿಷ್ಟು ಅಯಾನುಗಳು, ಅಂದರೆ ವಿದ್ಯುದಂಶ ಹೊತ್ತ ಕಣಗಳು, ಉಳಿದಿರುತ್ತವೆ. ವಿದ್ಯುತ್ ಒಂದೇ ದಿಕ್ಕಿಗೆ ಎಳೆಯುತ್ತಿದ್ದರೆ ಅವು ಒಂದು ಬದಿಗೆ ಹೋಗಿ ಕೂಡಿಕೊಂಡು ತಮ್ಮದೇ ಒಂದು ವಿದ್ಯುತ್‌ಕ್ಷೇತ್ರ ಕಟ್ಟಿಕೊಳ್ಳುತ್ತವೆ. ಆಮೇಲೆ ಚಿತ್ರ ಬದಲಾದರೂ ಆ ಪಿಕ್ಸೆಲ್ ಪೂರ್ತಿ ಮಾತು ಕೇಳುವುದಿಲ್ಲ. ಇದನ್ನು ತಪ್ಪಿಸಲು ಎಲ್‌ಸಿಡಿ ಪರದೆ ಪ್ರತಿ ಫ್ರೇಮಿಗೂ ವೋಲ್ಟೇಜಿನ ದಿಕ್ಕನ್ನು ತಿರುವುಮುರುವು ಮಾಡುತ್ತಿರುತ್ತದೆ.

ಆ ತಿರುವುಮುರುವನ್ನು ಗೇಮ್ ಆಡುವವರೇ ತಿಳಿಯದೆ ಕೆಡಿಸುವ ಒಂದು ಸಂದರ್ಭವಿದೆ. ಹಳೆಯ ಗೇಮ್‌ಗಳನ್ನು ಎಮ್ಯುಲೇಟರ್‌ನಲ್ಲಿ ಆಡುವವರು ಚಲನೆ ಸ್ಪಷ್ಟವಾಗಲೆಂದು 120 ಹರ್ಟ್ಸ್ ಪರದೆಯಲ್ಲಿ ಒಂದು ಚಿತ್ರ, ಒಂದು ಕಪ್ಪು ಫ್ರೇಮು, ಮತ್ತೊಂದು ಚಿತ್ರ, ಮತ್ತೊಂದು ಕಪ್ಪು ಎಂಬಂತೆ ಓಡಿಸುವ ಪರಿಪಾಠವಿದೆ. ಪರದೆ ಪ್ರತಿ ಫ್ರೇಮಿಗೂ ವೋಲ್ಟೇಜ್ ತಿರುಗಿಸುತ್ತದೆ, ಚಿತ್ರವೂ ಒಂದು ಬಿಟ್ಟು ಒಂದು ಬರುತ್ತದೆ. ಎರಡೂ ಹೊಂದಿಕೊಂಡು ಚಿತ್ರದ ಫ್ರೇಮಿಗೆ ಯಾವಾಗಲೂ ಒಂದೇ ದಿಕ್ಕಿನ ವೋಲ್ಟೇಜ್, ಕಪ್ಪು ಫ್ರೇಮಿಗೆ ಯಾವಾಗಲೂ ಇನ್ನೊಂದು ದಿಕ್ಕಿನದು ಎಂದಾಗುತ್ತದೆ. ಅಯಾನುಗಳು ಕೂಡಿಕೊಳ್ಳಲು ಇದಕ್ಕಿಂತ ಅನುಕೂಲ ಬೇರೆ ಬೇಕಿಲ್ಲ. ಸ್ವಲ್ಪ ಹೊತ್ತಿನಲ್ಲೇ ಛಾಯೆ ಕಾಣಿಸುತ್ತದೆ. ನಡುನಡುವೆ ಒಂದು ಫ್ರೇಮು ಹೆಚ್ಚು ಸೇರಿಸಿ ಸರದಿ ತಪ್ಪಿಸಿದರೆ ಅಥವಾ 180 ಹರ್ಟ್ಸ್‌ನಲ್ಲಿ ಒಂದು ಚಿತ್ರಕ್ಕೆ ಎರಡು ಕಪ್ಪು ಎಂದು ಓಡಿಸಿದರೆ ತೊಂದರೆ ಇರುವುದಿಲ್ಲ. ಮೂಡಿದ ಛಾಯೆ ಕೂಡ ಶಾಶ್ವತವಲ್ಲ. ಟಿವಿ ಆರಿಸಿಟ್ಟರೂ ಬೇರೆ ಚಿತ್ರ ಓಡಿಸಿದರೂ ಅಯಾನುಗಳು ಮತ್ತೆ ಚದುರುತ್ತವೆ. ಎಲ್‌ಸಿಡಿ ಟಿವಿಯಲ್ಲಿ ನಿಜವಾಗಿ ಹಳತಾಗುವುದು ಹಿಂದಿನ ದೀಪಗಳು ಮತ್ತು ಅವುಗಳ ಬೆಳಕು ಹರಡುವ ಹಾಳೆಗಳು. ಅವುಗಳಿಂದ ಬರುವ ಕಲೆಗೆ ಗೇಮ್‌ನ ಸ್ಕೋರಿನ ಆಕಾರ ಇರುವುದಿಲ್ಲ.

ಓಎಲ್‌ಇಡಿ ಬಂದ ಮೇಲೆ ಬರ್ನ್-ಇನ್ ಮತ್ತೆ ಮಾತಿಗೆ ಬಂತು. ಈಸ್ಟ್‌ಮನ್ ಕೊಡಾಕ್ ಕಂಪನಿಯ ಚಿಂಗ್ ಟಾಂಗ್ ಮತ್ತು ಸ್ಟೀವನ್ ವ್ಯಾನ್ ಸ್ಲೈಕ್ 1987ರಲ್ಲಿ ಪ್ರಕಟಿಸಿದ ಪ್ರಬಂಧದಿಂದ ಈ ತಂತ್ರಜ್ಞಾನ ಬೆಳೆಯಿತು. ಸೋನಿ 2007ರಲ್ಲಿ 11 ಇಂಚಿನ ಟಿವಿಯನ್ನು, ಎಲ್‌ಜಿ 2013ರಲ್ಲಿ 55 ಇಂಚಿನದನ್ನು ಮಾರುಕಟ್ಟೆಗೆ ತಂದವು. ಇಲ್ಲಿ ಪ್ರತಿ ಪಿಕ್ಸೆಲ್ ತಾನೇ ಬೆಳಗುತ್ತದೆ, ಬೇಡವೆಂದಾಗ ಪೂರ್ತಿ ಆರುತ್ತದೆ. ಕಪ್ಪು ಅಪ್ಪಟ ಕಪ್ಪಾಗಿ ಕಾಣುತ್ತದೆ. ಪಿಕ್ಸೆಲ್ ಬದಲಾಗಲು ಒಂದು ಮಿಲಿಸೆಕೆಂಡೂ ಬೇಡ. ಗೇಮ್ ಆಡುವವರು ಓಎಲ್‌ಇಡಿಯನ್ನು ಇಷ್ಟಪಡುವುದು ಈ ಎರಡು ಗುಣಗಳಿಗಾಗಿ, ಮತ್ತು ಆ ಇಷ್ಟ ನ್ಯಾಯವಾದದ್ದೇ. ಆದರೆ ತಾನೇ ಬೆಳಗುವ ಪಿಕ್ಸೆಲ್ ತಾನೇ ಸವೆಯುತ್ತದೆ ಕೂಡ.

ಬೆಳಕು ಕೊಡುವ ಸಾವಯವ ಪದರಗಳೆಲ್ಲ ಸೇರಿದರೂ ದಪ್ಪ ಒಂದು ಮೈಕ್ರೋಮೀಟರಿನೊಳಗೆ. ಕರೆಂಟು ಹರಿದಾಗ ಅಲ್ಲಿನ ಅಣುಗಳು ಶಕ್ತಿ ತುಂಬಿಕೊಂಡು ಅದನ್ನು ಬೆಳಕಾಗಿ ಬಿಡುತ್ತವೆ. ನೀಲಿ ಬೆಳಕಿಗೆ ಬೇಕಾದ ಶಕ್ತಿ ಸುಮಾರು 2.7 ಎಲೆಕ್ಟ್ರಾನ್‌ವೋಲ್ಟ್; ಇಂಗಾಲ–ಸಾರಜನಕ ಬಂಧದಂಥ ದುರ್ಬಲ ಬಂಧಗಳನ್ನು ಮುರಿಯಲು ಬೇಕಾದ ಶಕ್ತಿಯೂ ಇದರ ಆಸುಪಾಸಿನಲ್ಲೇ ಇದೆ. ಒಮ್ಮೊಮ್ಮೆ ಎರಡು ಉದ್ರಿಕ್ತ ಸ್ಥಿತಿಗಳು ಡಿಕ್ಕಿಯಾಗಿ ಶಕ್ತಿ ಒಂದೇ ಅಣುವಿನಲ್ಲಿ ಸೇರಿದಾಗ ಬಂಧ ಕಡಿಯುತ್ತದೆ. ಮುರಿದ ಅಣು ಬೆಳಕು ಕೊಡುವುದಿಲ್ಲ, ಪಕ್ಕದ ಅಣುಗಳ ಬೆಳಕನ್ನೂ ನುಂಗುತ್ತದೆ. ಕೆಂಪು, ಹಸಿರಿಗೆ ದೀರ್ಘಕಾಲ ಬಾಳುವ ಫಾಸ್ಫೊರೆಸೆಂಟ್ ಪದಾರ್ಥಗಳು ಎಂದೋ ಸಿಕ್ಕಿವೆ. ನೀಲಿಗೆ ಅಂಥದ್ದನ್ನು ಹುಡುಕುವ ಕೆಲಸ ದಶಕಗಳಿಂದ ನಡೆದಿದ್ದು, ಟಿವಿಗಳು ಬಹುಕಾಲ ದಕ್ಷತೆ ಕಡಿಮೆ ಇರುವ ಫ್ಲೋರೆಸೆಂಟ್ ನೀಲಿಯನ್ನೇ ನೆಚ್ಚಿಕೊಂಡಿವೆ.

ಪ್ರಖರತೆಗೂ ಆಯುಷ್ಯಕ್ಕೂ ಇರುವ ನಂಟು ಸರಳ ಅನುಪಾತದ್ದಲ್ಲ. ಪ್ರಖರತೆ ಎರಡು ಪಟ್ಟಾದರೆ ಆಯುಷ್ಯ ಅರ್ಧವಾಗುವುದಿಲ್ಲ; ಪದಾರ್ಥಕ್ಕೆ ತಕ್ಕಂತೆ ಸುಮಾರು ಮೂರನೇ ಒಂದಕ್ಕೋ ನಾಲ್ಕನೇ ಒಂದಕ್ಕೋ ಇಳಿಯುತ್ತದೆ. ಬಿಸಿ ಇದನ್ನು ಇನ್ನಷ್ಟು ಚುರುಕುಗೊಳಿಸುತ್ತದೆ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಕಲಬುರಗಿ, ರಾಯಚೂರಿನಂಥ ಊರುಗಳಲ್ಲಿ ಟಿವಿಯನ್ನು ಗಾಳಿಯಾಡದ ಶೋಕೇಸಿನೊಳಗೆ ಕೂರಿಸುವುದು ಈ ಕಾರಣಕ್ಕೆ ಒಳ್ಳೆಯದಲ್ಲ. ಹಿಂಬದಿಯಲ್ಲಿ ಗಾಳಿ ಓಡಾಡಲು ಜಾಗ ಬಿಡಬೇಕು.

ಎಲ್ಲ ಓಎಲ್‌ಇಡಿ ಟಿವಿಗಳೂ ಒಂದೇ ರೀತಿ ಸವೆಯುವುದಿಲ್ಲ. ಎಲ್‌ಜಿ ತಯಾರಿಸುವ ಪರದೆಗಳಲ್ಲಿ ಒಂದೊಂದು ಪಿಕ್ಸೆಲ್‌ನೊಳಗಿನ ನಾಲ್ಕು ಉಪಪಿಕ್ಸೆಲ್‌ಗಳೂ ಬಿಳಿ ಬೆಳಕನ್ನೇ ಕೊಡುತ್ತವೆ. ಕೆಂಪು, ಹಸಿರು, ನೀಲಿ ಫಿಲ್ಟರ್‌ಗಳು ಬಣ್ಣ ಬೇರ್ಪಡಿಸುತ್ತವೆ, ನಾಲ್ಕನೆಯದಕ್ಕೆ ಫಿಲ್ಟರ್ ಇಲ್ಲದೆ ಬಿಳಿ ಹಾಗೇ ಹೊರಬರುತ್ತದೆ. ಇಂಥ ಪರದೆಯಲ್ಲಿ ಬಿಳಿ ಅಕ್ಷರಗಳಿಗಿಂತ ಗಾಢ ಕೆಂಪು, ಹಳದಿ ಪಟ್ಟಿಗಳೇ ಹೆಚ್ಚು ಅಪಾಯಕಾರಿ, ಏಕೆಂದರೆ ಬೆಳಕಿನ ದೊಡ್ಡ ಪಾಲು ಫಿಲ್ಟರ್‌ನಲ್ಲೇ ನಿಂತುಹೋಗಿ ಆ ಉಪಪಿಕ್ಸೆಲ್ ಹೆಚ್ಚು ದುಡಿಯಬೇಕಾಗುತ್ತದೆ. 2018ರ ಮಾದರಿಗಳಲ್ಲಿ ಎಲ್‌ಜಿ ಕೆಂಪು ಉಪಪಿಕ್ಸೆಲ್‌ನ ವಿಸ್ತೀರ್ಣ ಹೆಚ್ಚಿಸಿದ್ದು ಈ ಹೊರೆ ಇಳಿಸಲು. 2022ರಲ್ಲಿ ಸ್ಯಾಮ್‌ಸಂಗ್ ತಂದ ಕ್ಯೂಡಿ-ಓಎಲ್‌ಇಡಿಯಲ್ಲಿ ನೀಲಿ ಬೆಳಕೇ ಮೂಲ, ಕ್ವಾಂಟಮ್ ಡಾಟ್‌ಗಳು ಅದನ್ನು ಕೆಂಪು, ಹಸಿರಾಗಿ ಮಾರ್ಪಡಿಸುತ್ತವೆ. ಅಲ್ಲಿ ಬಿಳಿಗೆಂದೇ ಬೇರೆ ಉಪಪಿಕ್ಸೆಲ್ ಇಲ್ಲದ ಕಾರಣ ಬಿಳಿ ಚಿತ್ರಕ್ಕೆ ಮೂರೂ ಒಟ್ಟಿಗೆ ದುಡಿಯುತ್ತವೆ.

ಇದೆಲ್ಲ ನಿತ್ಯದ ಬಳಕೆಯಲ್ಲಿ ಎಷ್ಟರ ಮಟ್ಟಿಗೆ ಕಾಣುತ್ತದೆ ಎಂಬುದನ್ನು ಕೆನಡಾದ ಆರ್‌ಟಿಂಗ್ಸ್ ಸಂಸ್ಥೆ 2018ರಲ್ಲಿ ಪರೀಕ್ಷೆಗೆ ಒಡ್ಡಿತು. ಒಂದೇ ಮಾದರಿಯ ಆರು ಎಲ್‌ಜಿ ಟಿವಿಗಳನ್ನು ದಿನಕ್ಕೆ 20 ಗಂಟೆ ಓಡಿಸಲಾಯಿತು. ಕೆಲವದರಲ್ಲಿ ಸಿಎನ್‌ಎನ್ ಸುದ್ದಿವಾಹಿನಿ, ಒಂದರಲ್ಲಿ ಕಾಲ್ ಆಫ್ ಡ್ಯೂಟಿ, ಇನ್ನೊಂದರಲ್ಲಿ ಫಿಫಾ 18 ಗೇಮ್. ಐದು ಸಾವಿರ ಗಂಟೆ ದಾಟುವ ಹೊತ್ತಿಗೆ ಸಿಎನ್‌ಎನ್ ಓಡಿದ ಪರದೆಗಳಲ್ಲಿ ವಾಹಿನಿಯ ಲಾಂಛನ, ಕೆಳಪಟ್ಟಿಗಳ ಗುರುತು ಎದ್ದು ಕಾಣುತ್ತಿತ್ತು. ಕಾಲ್ ಆಫ್ ಡ್ಯೂಟಿ ಪರದೆ ಚೆನ್ನಾಗಿಯೇ ಇತ್ತು. ಗೇಮ್ ಎಂದ ಮಾತ್ರಕ್ಕೆ ಪರದೆ ಹಾಳಾಗುವುದಿಲ್ಲ ಎಂಬುದಕ್ಕೆ ಇದು ಸಾಕ್ಷಿ. ತೆಳುವಾದ, ಅರೆಪಾರದರ್ಶಕ ಗೆರೆಗಳ ಗೇಮ್‌ಗಿಂತ ಗಟ್ಟಿ ಬಣ್ಣದ ದಪ್ಪ ಪಟ್ಟಿಯ ಸುದ್ದಿಯೇ ಹೆಚ್ಚು ಹಾನಿ ಮಾಡಬಲ್ಲದು. ಕನ್ನಡ ಸುದ್ದಿವಾಹಿನಿಗಳ ಕೆಂಪು–ಹಳದಿ ಬ್ರೇಕಿಂಗ್ ಪಟ್ಟಿಗಳೂ ಐಪಿಎಲ್ ಪಂದ್ಯದ ಸ್ಕೋರುಪಟ್ಟಿಯೂ ಇದೇ ಬಗೆಯವು. ಒಂದೇ ಟಿವಿಯಲ್ಲಿ ಹಗಲು ಸುದ್ದಿ, ಸಂಜೆ ಧಾರಾವಾಹಿ, ರಾತ್ರಿ ಮಕ್ಕಳ ಗೇಮ್ ನಡೆಯುವ ಮನೆಯಲ್ಲಿ ಗುರುತು ಮೂಡಿದರೆ ದೂರು ಬೀಳುವುದು ಗೇಮ್ ಆಡಿದವರ ಮೇಲೆ. ಆ ಗುರುತಿನ ಆಕಾರ ನೋಡಿಯೇ ತೀರ್ಮಾನಿಸುವುದು ನ್ಯಾಯ.

ಗೇಮ್‌ಗಳಲ್ಲೂ ತರತಮವಿದೆ. ಫುಟ್‌ಬಾಲ್, ಕ್ರಿಕೆಟ್ ಗೇಮ್‌ಗಳ ಸ್ಕೋರು ಪ್ರತಿ ಪಂದ್ಯದಲ್ಲೂ ಅದೇ ಮೂಲೆಯಲ್ಲಿ, ಅದೇ ಗಾಢ ಬಣ್ಣದಲ್ಲಿ ನಿಲ್ಲುತ್ತದೆ. ವರ್ಲ್ಡ್ ಆಫ್ ವಾರ್‌ಕ್ರಾಫ್ಟ್‌ನಂಥ ಗೇಮ್‌ಗಳಲ್ಲಿ ಗುಂಡಿಗಳ ಸಾಲು ಕೆಳಗಿನ ಅಂಚನ್ನೆಲ್ಲ ಆವರಿಸುತ್ತದೆ, ಆಡುವವರೂ ವರ್ಷಗಟ್ಟಲೆ ಅದೊಂದನ್ನೇ ಆಡುತ್ತಾರೆ. ಅಪಾಯ ಹೆಚ್ಚಿರುವುದು ಇಂಥವರಿಗೇ. ಕಥೆಯುಳ್ಳ ಗೇಮ್ ಒಂದನ್ನು ಮೂವತ್ತು–ನಲವತ್ತು ಗಂಟೆಗಳಲ್ಲಿ ಮುಗಿಸಿ ಇನ್ನೊಂದಕ್ಕೆ ಹೋಗುವವರಿಗೆ ಚಿಂತೆ ಕಡಿಮೆ, ಏಕೆಂದರೆ ಹೊಸ ಗೇಮ್‌ನಲ್ಲಿ ಎಲ್ಲವೂ ಬೇರೆ ಜಾಗದಲ್ಲಿರುತ್ತದೆ. ಕೆಲವು ಗೇಮ್‌ಗಳ ವಿನ್ಯಾಸವೇ ಪರದೆಗೆ ಹಿತವಾದದ್ದು. 2008ರ ಡೆಡ್ ಸ್ಪೇಸ್‌ನಲ್ಲಿ ನಾಯಕನ ಪ್ರಾಣಶಕ್ತಿ ಅವನ ಕವಚದ ಬೆನ್ನಮೇಲೆಯೇ ಕಾಣುತ್ತದೆ. 2020ರ ಘೋಸ್ಟ್ ಆಫ್ ಸುಶಿಮಾದಲ್ಲಿ ಮೂಲೆಯ ನಕ್ಷೆಯ ಬದಲು ಗಾಳಿ ಬೀಸುವ ದಿಕ್ಕೇ ದಾರಿ ತೋರಿಸುತ್ತದೆ. ಆಟದ ಸೊಗಸಿಗಾಗಿ ಮಾಡಿದ ಈ ಏರ್ಪಾಡುಗಳು ಪರದೆಯ ಮೂಲೆಗಳಿಗೂ ಬಿಡುವು ಕೊಟ್ಟಿವೆ.

ಟಿವಿ ತಯಾರಕರು ಸುಮ್ಮನೆ ಕೂತಿಲ್ಲ. ಇಡೀ ಚಿತ್ರವನ್ನು ಆಗಾಗ ಕೆಲವು ಪಿಕ್ಸೆಲ್‌ಗಳಷ್ಟು ಆಚೀಚೆ ಸರಿಸುವ ಉಪಾಯವಿದೆ. ಇದರಿಂದ ಸವೆತದ ಅಂಚು ಮೊಂಡಾಗಿ ಕಣ್ಣಿಗೆ ಬೀಳುವುದು ತಡವಾಗುತ್ತದೆ. ನಿಂತ ಲಾಂಛನವನ್ನು ಗುರುತಿಸಿ ಅಷ್ಟು ಜಾಗವನ್ನು ಮಂಕು ಮಾಡುವುದು, ಚಿತ್ರ ಬಹಳ ಹೊತ್ತು ಬದಲಾಗದಿದ್ದರೆ ಇಡೀ ಪರದೆಯ ಬೆಳಕು ತಗ್ಗಿಸುವುದು ಇನ್ನೆರಡು. ಇವೆಲ್ಲಕ್ಕಿಂತ ಮುಖ್ಯವಾದದ್ದು ಟಿವಿ ಆರಿದ ಮೇಲೆ ನಡೆಯುತ್ತದೆ. ಎಲ್‌ಜಿ ಟಿವಿಗಳಲ್ಲಿ ಒಟ್ಟು ನಾಲ್ಕು ಗಂಟೆ ಬಳಕೆಯಾದ ನಂತರ ರಿಮೋಟ್‌ನಿಂದ ಟಿವಿ ಆರಿಸಿದಾಗ, ಒಳಗಿನ ಸರ್ಕ್ಯೂಟು ಪಿಕ್ಸೆಲ್‌ಗಳನ್ನು ಅಳೆದು, ಹಿಂದೆ ಬಿದ್ದವುಗಳಿಗೆ ಎಷ್ಟು ಹೆಚ್ಚು ಕರೆಂಟು ಕೊಡಬೇಕೆಂದು ಲೆಕ್ಕ ಹಾಕಿ ಬರೆದಿಟ್ಟುಕೊಳ್ಳುತ್ತದೆ. ಈ ಪರಿಷ್ಕಾರಕ್ಕೆ ಕೆಲವು ನಿಮಿಷ ಸಾಕು. ಒಟ್ಟು 2,000 ಗಂಟೆಗೊಮ್ಮೆ ಸುಮಾರು ಒಂದು ಗಂಟೆಯ ದೊಡ್ಡ ಪರಿಷ್ಕಾರ ನಡೆಯುತ್ತದೆ. ಬೇರೆ ಕಂಪನಿಗಳ ಓಎಲ್‌ಇಡಿಗಳಲ್ಲೂ ಹೆಸರು ಬೇರೆಯಾದರೂ ಇಂಥದೇ ವ್ಯವಸ್ಥೆ ಇದೆ.

ನಮ್ಮ ಮನೆಗಳಲ್ಲಿ ಈ ವ್ಯವಸ್ಥೆಗೆ ಅಡ್ಡಬರುವ ಒಂದು ಅಭ್ಯಾಸವಿದೆ. ಟಿವಿ ನೋಡಿ ಮುಗಿದ ಕೂಡಲೇ ಗೋಡೆಯ ಸ್ವಿಚ್ ಆರಿಸುವುದು. ಕರೆಂಟು ಉಳಿಸಬೇಕೆಂದು, ಉಪಕರಣ ಸುರಕ್ಷಿತವಾಗಿರಲೆಂದು ಹಿರಿಯರು ಕಲಿಸಿದ ಒಳ್ಳೆಯ ಅಭ್ಯಾಸ ಅದು. ಪಿಕ್ಚರ್ ಟ್ಯೂಬ್ ಟಿವಿಗೂ ಎಲ್‌ಸಿಡಿಗೂ ಅದರಿಂದ ಕೆಡುಕಿಲ್ಲ. ಓಎಲ್‌ಇಡಿಗೆ ಮಾತ್ರ ಕೆಡುಕಿದೆ. ಸ್ವಿಚ್ ಆರಿದರೆ ಪರಿಷ್ಕಾರ ಶುರುವಾಗುವುದೇ ಇಲ್ಲ, ಶುರುವಾಗಿದ್ದರೆ ಅರ್ಧಕ್ಕೆ ನಿಲ್ಲುತ್ತದೆ. ತಿಂಗಳುಗಟ್ಟಲೆ ಹೀಗೇ ನಡೆದರೆ ತಾತ್ಕಾಲಿಕ ಛಾಯೆಗಳೂ ಅಳಿಯದೆ ಉಳಿದು ಶಾಶ್ವತ ಗುರುತಿನಂತೆ ತೋರುತ್ತವೆ. ಲೋಡ್ ಶೆಡ್ಡಿಂಗ್ ಇರುವ ಊರುಗಳಲ್ಲೂ ಇದೇ ಕಥೆ. ಟಿವಿಯನ್ನು ರಿಮೋಟ್‌ನಿಂದ ಆರಿಸಿ ಕನಿಷ್ಠ ಕಾಲು ಗಂಟೆ ಸಾಕೆಟ್ಟಿನ ಕರೆಂಟು ಇರುವಂತೆ ನೋಡಿಕೊಳ್ಳುವುದು, ಸಾಧ್ಯವಾದರೆ ಇನ್ವರ್ಟರ್ ಲೈನಿಗೆ ಜೋಡಿಸುವುದು ಸುಲಭದ ಪರಿಹಾರ. ಸ್ಟ್ಯಾಂಡ್‌ಬೈನಲ್ಲಿ ಇಂದಿನ ಟಿವಿ ಎಳೆಯುವುದು ಸಾಮಾನ್ಯವಾಗಿ ಒಂದು ವ್ಯಾಟಿಗಿಂತ ಕಡಿಮೆ. ಗುಡುಗು ಸಿಡಿಲಿನ ಹೊತ್ತಿನಲ್ಲಿ ಮಾತ್ರ ಪ್ಲಗ್ ಕೀಳಲೇಬೇಕು; ಒಂದು ದಿನ ತಪ್ಪಿದ ಪರಿಷ್ಕಾರ ಮರುದಿನ ನಡೆಯುತ್ತದೆ.

ಪರಿಷ್ಕಾರವಾದರೂ ಸವೆದದ್ದನ್ನು ಮರಳಿ ತರುವುದಿಲ್ಲ. ಸವೆದ ಪಿಕ್ಸೆಲ್‌ಗೆ ಹೆಚ್ಚು ಕರೆಂಟು ಕೊಟ್ಟು ಪಕ್ಕದವುಗಳ ಸಮಕ್ಕೆ ಎತ್ತುತ್ತದೆ, ಅಷ್ಟೇ. ಹೆಚ್ಚು ಕರೆಂಟೆಂದರೆ ಇನ್ನೂ ವೇಗದ ಸವೆತ. ಹೀಗೆ ಎತ್ತಲು ತಯಾರಕರು ಕಾದಿರಿಸಿದ ಹೆಚ್ಚುವರಿ ಪ್ರಖರತೆ ಮುಗಿಯುವವರೆಗೆ ಗುರುತು ಕಾಣುವುದಿಲ್ಲ, ಮುಗಿದ ಮೇಲೆ ಕಾಣತೊಡಗುತ್ತದೆ. ಮೊದಲ ಎರಡು ಮೂರು ವರ್ಷ ಏನೂ ಇಲ್ಲದ ಪರದೆಯಲ್ಲಿ ಇದ್ದಕ್ಕಿದ್ದಂತೆ ಗುರುತು ಮೂಡಿದಂತೆ ಅನಿಸುವುದು ಇದರಿಂದಲೇ. ಮೆನುವಿನಲ್ಲಿರುವ ದೊಡ್ಡ ಪರಿಷ್ಕಾರವನ್ನು ವಾರಕ್ಕೊಮ್ಮೆ ಕೈಯಾರೆ ಓಡಿಸುವವರಿದ್ದಾರೆ. ಅದು ಬೇಡ, ಕಣ್ಣಿಗೆ ಛಾಯೆ ಕಂಡು, ಮಾಮೂಲಿ ಬಳಕೆಯಲ್ಲಿ ಹೋಗದಿದ್ದಾಗ ಮಾತ್ರ ಅದರ ಕೆಲಸ.

ಪರದೆ ತಾನಾಗಿ ಮಂಕಾಗುವುದನ್ನು ಗೇಮ್ ಆಡುವವರು ಸಹಿಸುವುದಿಲ್ಲ. ಕತ್ತಲ ಗುಹೆಯ ದೃಶ್ಯದಲ್ಲಿ ಬೆಳಕು ಇನ್ನಷ್ಟು ತಗ್ಗಿದರೆ ಶತ್ರು ಕಾಣುವುದಿಲ್ಲ. ಕೆಲವರು ರಿಪೇರಿಯವರ ಸರ್ವಿಸ್ ಮೆನುವಿಗೆ ನುಗ್ಗಿ ಆ ರಕ್ಷಣೆಯನ್ನೇ ತೆಗೆದುಹಾಕುತ್ತಾರೆ. ಇದು ದುಡುಕು. ಆಟದ ನಡುವೆ ಎದ್ದುಹೋಗಿ ಗಂಟೆಗಟ್ಟಲೆ ಮರೆತಾಗ ಪರದೆಯನ್ನು ಕಾಯುವುದು ಅದೊಂದೇ. ಅಲ್ಲಿನ ಬೇರೆ ಯಾವುದೋ ಸಂಖ್ಯೆ ಬದಲಾದರೆ ಟಿವಿಯೇ ಕೆಡಬಹುದು, ವಾರಂಟಿಯೂ ಹೋಗಬಹುದು.

ಇದಕ್ಕಿಂತ ಗೇಮ್‌ನ ಸೆಟ್ಟಿಂಗ್ಸ್‌ನಲ್ಲೇ ಹೆಚ್ಚು ಮಾಡಬಹುದು. ಮಿನಿಮ್ಯಾಪ್, ಹೆಲ್ತ್ ಬಾರ್‌ಗಳ ಪಾರದರ್ಶಕತೆ ಹೆಚ್ಚಿಸುವ, ಗಾತ್ರ ಕುಗ್ಗಿಸುವ, ಬೇಕಾದಾಗ ಮಾತ್ರ ತೋರಿಸುವ ಆಯ್ಕೆ ಈಗ ಅನೇಕ ಗೇಮ್‌ಗಳಲ್ಲಿದೆ. ಹೊರೈಜನ್ ಝೀರೋ ಡಾನ್‌ನಲ್ಲಿ ಇಂಥ ಆಯ್ಕೆ ಚೆನ್ನಾಗಿ ಕೆಲಸ ಮಾಡುತ್ತದೆ. ಎಚ್‌ಡಿಆರ್‌ನಲ್ಲಿ ಆಡುವಾಗ ಅಕ್ಷರ–ಚಿಹ್ನೆಗಳ ಪ್ರಖರತೆಯನ್ನು ಮಾತ್ರ ಬೇರೆಯಾಗಿ ಇಳಿಸುವ ಅವಕಾಶವಿದ್ದರೆ ಮೊದಲು ಅದನ್ನು ಬಳಸಬೇಕು. ದೃಶ್ಯದ ಮೆರುಗು ಹಾಗೇ ಉಳಿದು ನಿಂತ ಭಾಗಗಳ ಹೊರೆಯಷ್ಟೇ ಇಳಿಯುತ್ತದೆ. ನಿಂಟೆಂಡೊ ಸ್ವಿಚ್‌ನ ಟಿವಿ ಸೆಟ್ಟಿಂಗ್ಸ್‌ನಲ್ಲಿ ಬರ್ನ್-ಇನ್ ತಗ್ಗಿಸುವ ಆಯ್ಕೆ ಇದೆ, ಎಕ್ಸ್‌ಬಾಕ್ಸ್‌ನಲ್ಲಿ ಯಾರೂ ಆಡದಿದ್ದಾಗ ಪರದೆ ಮಂಕಾಗುವ ವ್ಯವಸ್ಥೆ ಇದೆ. ಕಂಪ್ಯೂಟರ್ ಜೋಡಿಸಿದ್ದರೆ ಕೆಳಗಿನ ಟಾಸ್ಕ್‌ಬಾರ್ ಅಡಗಿಸಿ ಕಪ್ಪು ವಾಲ್‌ಪೇಪರ್ ಹಾಕುವುದು ಲೇಸು. ಆಟ ನಿಲ್ಲಿಸಿ ಊಟಕ್ಕೆ ಏಳುವಾಗ ಪಾಸ್ ಒತ್ತಿ ಹೋಗುವ ಬದಲು ಟಿವಿಯನ್ನೇ ಆರಿಸಬಹುದು. ಯಂತ್ರದಲ್ಲಿ ಆಟ ಹಾಗೇ ಕಾದಿರುತ್ತದೆ.

ಬಣ್ಣಗಳು ಪಟಪಟನೆ ಬದಲಾಗುವ, ಬರ್ನ್-ಇನ್ ವಾಸಿಮಾಡುತ್ತೇವೆಂಬ ವಿಡಿಯೋಗಳು ಯೂಟ್ಯೂಬ್‌ನಲ್ಲಿ ಬೇಕಾದಷ್ಟಿವೆ. ಎಲ್‌ಸಿಡಿ, ಪ್ಲಾಸ್ಮಾಗಳ ತಾತ್ಕಾಲಿಕ ಛಾಯೆಗೆ ಅವುಗಳಿಂದ ಅಷ್ಟಿಷ್ಟು ಉಪಯೋಗವಿದೆ, ಮಾಮೂಲಿ ಸಿನಿಮಾ ಓಡಿಸಿದರೂ ಅದೇ ಫಲ. ಓಎಲ್‌ಇಡಿಯ ಶಾಶ್ವತ ಗುರುತಿಗೆ ಅವು ಮದ್ದಲ್ಲ. ಚೆನ್ನಾಗಿರುವ ಪಿಕ್ಸೆಲ್‌ಗಳನ್ನೂ ಸೇರಿಸಿ ಎಲ್ಲವನ್ನೂ ಸವೆಸುತ್ತವೆ.

ಗುರುತು ಬಿದ್ದಿದೆಯೇ ಎಂದು ತಿಳಿಯಲು ಪರದೆ ತುಂಬ ಒಂದೇ ಬಣ್ಣ ತೋರಿಸಿ ನೋಡಬೇಕು. ಬೂದು, ಕೆಂಪು, ಹಸಿರು, ನೀಲಿ, ಹಳದಿ, ನೇರಳೆ ಒಂದೊಂದನ್ನೂ ಕತ್ತಲ ಕೋಣೆಯಲ್ಲಿ ನೋಡಿದರೆ ಯಾವ ಬಣ್ಣದ ಉಪಪಿಕ್ಸೆಲ್ ಸವೆದಿದೆ ಎಂಬುದೂ ಗೊತ್ತಾಗುತ್ತದೆ. ಗಾಢ ಬೂದಿನಲ್ಲಿ ಕಾಣುವ ಉದ್ದುದ್ದ ಲಂಬ ಪಟ್ಟಿಗಳು ಬರ್ನ್-ಇನ್ ಅಲ್ಲ. ಹೊಸ ಓಎಲ್‌ಇಡಿಯಲ್ಲೂ ಅವು ಇರುತ್ತವೆ. ಚೌಕ, ಅಕ್ಷರ, ಲಾಂಛನದ ಆಕಾರ ಕಂಡರೆ ಟಿವಿಯನ್ನು ಒಂದು ರಾತ್ರಿ ಸ್ಟ್ಯಾಂಡ್‌ಬೈನಲ್ಲಿ ಬಿಟ್ಟು ಮರುದಿನ ಮತ್ತೆ ನೋಡಬೇಕು. ಆಗಲೂ ಇದ್ದರೆ ದೊಡ್ಡ ಪರಿಷ್ಕಾರ ಒಮ್ಮೆ ಓಡಿಸಬೇಕು. ಅದಾದ ಮೇಲೂ ಉಳಿದದ್ದು ಶಾಶ್ವತ. ಹಳೆಯ ಓಎಲ್‌ಇಡಿ ಕೊಳ್ಳುವವರು ಸಿನಿಮಾ ತುಣುಕು ನೋಡಿ ಮರುಳಾಗದೆ ಇದೇ ಬಣ್ಣದ ಪರೀಕ್ಷೆ ಮಾಡಬೇಕು. ಟಿವಿಯ ಮಾಹಿತಿ ಪುಟದಲ್ಲಿ ಒಟ್ಟು ಓಡಿದ ಗಂಟೆ ಸಿಕ್ಕರೆ ಅದನ್ನೂ ನೋಡಬೇಕು.

ಶಾಶ್ವತ ಗುರುತಿಗೆ ರಿಪೇರಿ ಎಂದರೆ ಪ್ಯಾನೆಲ್ ಬದಲಿಸುವುದೊಂದೇ, ಅದರ ಖರ್ಚು ಹೊಸ ಟಿವಿಯ ಬೆಲೆಯ ಸಮೀಪಕ್ಕೆ ಹೋಗುತ್ತದೆ. ಬಹುತೇಕ ಟಿವಿಗಳ ವಾರಂಟಿ ಪತ್ರ ಬರ್ನ್-ಇನ್ ಅನ್ನು ಬಳಕೆದಾರರ ಹೊಣೆ ಎಂದು ಹೊರಗಿಡುತ್ತದೆ. ಗೇಮಿಂಗ್ ಮಾನಿಟರ್‌ಗಳಲ್ಲಿ ಪರಿಸ್ಥಿತಿ ಉತ್ತಮ: 2022ರಲ್ಲಿ ಡೆಲ್ ತನ್ನ ಏಲಿಯನ್‌ವೇರ್ ಕ್ಯೂಡಿ-ಓಎಲ್‌ಇಡಿ ಮಾನಿಟರ್‌ಗೆ ಬರ್ನ್-ಇನ್ ಸೇರಿಸಿಯೇ ಮೂರು ವರ್ಷದ ಭರವಸೆ ಕೊಟ್ಟಿತು, ಆಮೇಲೆ ಬೇರೆ ಮಾನಿಟರ್ ಕಂಪನಿಗಳೂ ಅದೇ ಹಾದಿ ಹಿಡಿದವು. ಟಿವಿ ಕೊಳ್ಳುವಾಗ ಅಂಗಡಿಯವರ ಬಾಯಿಮಾತು ನೆಚ್ಚದೆ ವಾರಂಟಿ ಪತ್ರದಲ್ಲಿ ಈ ಒಂದು ಸಾಲನ್ನು ಹುಡುಕಿ ಓದಬೇಕು. ದಿನವೂ ಒಂದೇ ಗೇಮನ್ನು ಗಂಟೆಗಟ್ಟಲೆ ಆಡುವ ಮನೆಗೆ, ಅಥವಾ ಬೆಳಗಿನಿಂದ ಸುದ್ದಿವಾಹಿನಿ ಓಡುವ ಮನೆಗೆ ಇಂದಿಗೂ ಮಿನಿ-ಎಲ್‌ಇಡಿ ದೀಪಗಳ ಎಲ್‌ಸಿಡಿಯೇ ಸರಿಯಾದ ಆಯ್ಕೆ. ಬಗೆಬಗೆಯ ಗೇಮ್‌ಗಳನ್ನೂ ಸಿನಿಮಾಗಳನ್ನೂ ನೋಡುವವರು ಓಎಲ್‌ಇಡಿಯನ್ನು ಧೈರ್ಯವಾಗಿ ಕೊಳ್ಳಬಹುದು.